ಯಂತ್ರಕ್ಕೊಂದು ಸುಳ್ಳು

ಸುಳ್ಳು ಹೇಳುವವನಿಗೆ ನೆನಪು ಗಟ್ಟಿಯಾಗಿರಬೇಕು ಎನ್ನುತ್ತಾರೆ. ನನ್ನ ಸುಳ್ಳಿಗೆ 32 ಜಿಬಿ ಸಾಕಾಯಿತು. ಅಂಚೆ ಚೀಟಿಯಷ್ಟಗಲದ ಒಂದು ಎಸ್‌ಡಿ ಕಾರ್ಡು, ಅದನ್ನು ನುಂಗಿ ಏನೂ ಅರಿಯದಂತೆ ಕೂತಿರುವ ಒಂದು ಪ್ಲಾಸ್ಟಿಕ್ ಕ್ಯಾಸೆಟ್ಟು, ಆ ಕ್ಯಾಸೆಟ್ಟನ್ನು ಎದೆಗೆ ಚುಚ್ಚಿಸಿಕೊಂಡಿರುವ ಒಂದು ಹಳೇ ವಿಡಿಯೋ ಗೇಮ್ ಪೆಟ್ಟಿಗೆ. ಈ ಮೂವರಲ್ಲಿ ಪೆಟ್ಟಿಗೆಯೊಂದೇ ಮುಗ್ಧ. ತನ್ನ ಮೇಲೆ ಕೂತಿರುವುದು 1985ರ ಕ್ಯಾಸೆಟ್ಟು ಎಂದೇ ಅದು ಇವತ್ತಿಗೂ ನಂಬಿದೆ. ಆ ನಂಬಿಕೆಗೆ ಭಂಗ ಬರದಂತೆ ನೋಡಿಕೊಳ್ಳುವುದು ಈಗ ನನ್ನ ಭಾನುವಾರದ ಕೆಲಸ.

ಮನುಷ್ಯರಿಗೆ ಸುಳ್ಳು ಹೇಳುವುದು ಕಷ್ಟವೇನಲ್ಲ. ಆಫೀಸಿಗೆ ತಡವಾಗಿ ಹೋಗಿ ‘ಟ್ರಾಫಿಕ್ಕು ಸಾರ್’ ಅಂದರೆ ಬೆಂಗಳೂರಿನಲ್ಲಿ ಯಾರೂ ಮರುಪ್ರಶ್ನೆ ಹಾಕುವುದಿಲ್ಲ. ಯಂತ್ರದ ಮುಂದೆ ಈ ಆಟ ನಡೆಯದು. ಅದು ಕೇಳಿದ್ದಕ್ಕೆ, ಕೇಳಿದ ಗಳಿಗೆಯಲ್ಲೇ, ಕೇಳಿದಷ್ಟೇ ಉತ್ತರ ಕೊಡಬೇಕು. ಎಲ್ಲೋ ಒಂದು ಕಡೆ ಎಡವಿದರೂ ಪರದೆಯ ತುಂಬ ಬಣ್ಣದ ಕಸ ಚೆಲ್ಲಿ ಮುನಿಸಿಕೊಳ್ಳುತ್ತದೆ.

ನ್ಯಾಯವಾಗಿ ಹೇಳಬೇಕೆಂದರೆ ಸುಳ್ಳನ್ನು ಶುರು ಮಾಡಿದವನು ನಾನಲ್ಲ, ಆ ಪೆಟ್ಟಿಗೆಯೇ. ಜಪಾನಿನ ನಿಂಟೆಂಡೊ ಕಂಪನಿ 1983ರಲ್ಲಿ ಫ್ಯಾಮಿಕಾಂ ಎಂಬ ಯಂತ್ರವನ್ನು ತಂದಿತು. ಅದೇ 1985ರಲ್ಲಿ ವೇಷ ಬದಲಿಸಿ ಎನ್‌ಇಎಸ್ ಎಂಬ ಹೆಸರಿನಲ್ಲಿ ಅಮೆರಿಕಕ್ಕೆ ಹೋಯಿತು. ದಾವಣಗೆರೆಯ ನಮ್ಮ ಓಣಿಗೆ 90ರ ದಶಕದಲ್ಲಿ ಬಂದದ್ದು ಇವೆರಡೂ ಅಲ್ಲ, ಇವುಗಳ ತದ್ರೂಪು. ಯಾರು ಮಾಡಿದರು, ಎಲ್ಲಿ ಮಾಡಿದರು ಎಂಬುದಕ್ಕೆ ಡಬ್ಬಿಯ ಮೇಲೆ ಉತ್ತರವಿರಲಿಲ್ಲ. ನಾವು ಕೇಳಲೂ ಇಲ್ಲ. ಬಹಳಷ್ಟು ತದ್ರೂಪಿಗಳ ಚಿಪ್ಪಿನಲ್ಲಿ ಎರಡು ಬಗೆಯ ನಾದಗಳು ಅದಲುಬದಲಾಗಿದ್ದವು. ಹೀಗಾಗಿ ನಮ್ಮ ತಲೆಮಾರಿನ ಎಷ್ಟೋ ಮಂದಿ ಮಾರಿಯೋ ಸಂಗೀತ ಎಂದು ಎದೆಯಲ್ಲಿಟ್ಟುಕೊಂಡಿರುವುದು ಅದನ್ನು ಕಟ್ಟಿದವರು ಉದ್ದೇಶಿಸಿದ ದನಿಯನ್ನೇ ಅಲ್ಲ.

ಪೆಟ್ಟಿಗೆಯ ಜತೆ ಬಂದ ಕ್ಯಾಸೆಟ್ಟಿನ ಮೇಲೆ ‘9999 ಇನ್ 1’ ಎಂದಿತ್ತು. ದಿನಕ್ಕೊಂದು ಆಡಿದರೂ ಮುಗಿಯಲು 27 ವರ್ಷ ಬೇಕು ಎಂದು ನಾನೂ ಪಕ್ಕದ ಮನೆಯ ಹುಡುಗನೂ ಲೆಕ್ಕ ಹಾಕಿ, ಅಷ್ಟರಲ್ಲಿ ಮದುವೆಯ ವಯಸ್ಸೇ ದಾಟಿರುತ್ತದಲ್ಲ ಎಂದು ಚಿಂತೆಗೆ ಬಿದ್ದಿದ್ದೆವು. ಚಿಂತೆ ಬೇಗ ಕಳೆಯಿತು. ಪುಟಗಳನ್ನು ಸರಿಸುತ್ತ ಹೋದರೆ ಮಾರಿಯೋ, ಕಾಂಟ್ರಾ, ಟ್ಯಾಂಕು, ಸರ್ಕಸ್ಸು, ಬಾತುಕೋಳಿ ಇವೇ ಬೇರೆ ಬೇರೆ ಹೆಸರು ಹೊತ್ತು ಮತ್ತೆ ಮತ್ತೆ ಎದುರಾಗುತ್ತಿದ್ದವು. ಒಂದು ಕಡೆ ಮಾರಿಯೋ ಮೊದಲ ಘಟ್ಟದಿಂದ ಹೊರಟರೆ ಇನ್ನೊಂದು ಕಡೆ ಮೂರನೆಯದರಿಂದ ಹೊರಡುತ್ತಿದ್ದ, ಅಷ್ಟೇ. ಆದರೂ ಮುಂದಿನ ಪುಟದಲ್ಲಿ ಹೊಸದೊಂದು ಇದ್ದೇ ಇರುತ್ತದೆ ಎಂಬ ಆಸೆಯಲ್ಲಿ ರಜೆಗಳು ಕಳೆದವು.

ಅಮ್ಮನದು ಇನ್ನೊಂದು ಬಗೆ. ಗೇಮ್ ಆಡಿದರೆ ಟಿವಿಯ ಪಿಕ್ಚರ್ ಟ್ಯೂಬ್ ಸುಟ್ಟುಹೋಗುತ್ತದೆ ಎಂಬುದು ಅವಳ ಸಿದ್ಧಾಂತ. ಧಾರಾವಾಹಿ ನೋಡಿದರೆ ಸುಡದ ಟ್ಯೂಬು ಮಾರಿಯೋ ನೋಡಿದರೆ ಯಾಕೆ ಸುಡಬೇಕು ಎಂದು ಕೇಳುವ ಧೈರ್ಯ ನಮಗಿರಲಿಲ್ಲ. ಅವಳು ಹತ್ತಿರ ಬಂದು ಟಿವಿಯ ಬೆನ್ನಿಗೆ ಕೈಯಿಟ್ಟು ‘ಬಿಸಿಯಾಗಿದೆ, ಆರಿಸಿ’ ಎಂದಳೆಂದರೆ ಅದೇ ಅಂತಿಮ ತೀರ್ಪು.

ಈಚೆಗೆ ಊರ ಮನೆಗೆ ಸುಣ್ಣ ಬಣ್ಣ ಮಾಡಿಸುವಾಗ ಅಟ್ಟದಿಂದ ಆ ಪೆಟ್ಟಿಗೆ ಇಳಿಯಿತು. ಅಮ್ಮ ಅದನ್ನು ಹಳೇ ಟವೆಲ್ಲಿನಲ್ಲಿ ಸುತ್ತಿಟ್ಟಿದ್ದಳು. ಪೆಟ್ಟಿಗೆಗೆ ಜೀವವಿತ್ತು, ಕ್ಯಾಸೆಟ್ಟಿಗೆ ಇರಲಿಲ್ಲ. ನಮ್ಮ ಕಾಲದ ಪರಮೌಷಧವನ್ನೇ ಪ್ರಯೋಗಿಸಿದೆ. ಅಂದರೆ ಬಾಯಿಂದ ಊದಿದೆ. ಊದಬೇಡಿ, ಉಸಿರಿನ ತೇವಕ್ಕೆ ಲೋಹದ ಹಲ್ಲುಗಳು ಕೆಡುತ್ತವೆ ಎಂದು ನಿಂಟೆಂಡೊದವರೇ ಹೇಳಿದ್ದರು. ಆದರೆ ಊದುವ ಹುಡುಗರ ಕೈಗೆ ಆ ಉಪದೇಶ ಸಿಕ್ಕಿರಲಿಲ್ಲ, ಸಿಕ್ಕಿದ್ದರೂ ಅದನ್ನೊಮ್ಮೆ ಊದಿಯೇ ಓದುತ್ತಿದ್ದರು. ಕ್ಯಾಸೆಟ್ಟು ಏಳಲಿಲ್ಲ.

ಆಗ ಕಣ್ಣಿಗೆ ಬಿದ್ದದ್ದು ಎಸ್‌ಡಿ ಕಾರ್ಡು ತೂರಿಸುವ ಹೊಸ ಕಾಲದ ಕ್ಯಾಸೆಟ್ಟು. ಇದರಲ್ಲಿ ಎವರ್‌ಡ್ರೈವ್ ಎಂಬ ಹೆಸರು ಪ್ರಸಿದ್ಧ, ಉಕ್ರೇನಿನಲ್ಲಿ ಹುಟ್ಟಿದ್ದು. ಸೂಪರ್ ಮಾರಿಯೋ ಬ್ರದರ್ಸ್ ಆಟವಿಡೀ ಇರುವುದು 40 ಕೆಬಿಯಲ್ಲಿ. ಬೆಳಿಗ್ಗೆ ಬರುವ ‘ಶುಭೋದಯ’ದ ಗುಲಾಬಿ ಹೂವಿನ ಚಿತ್ರವೇ ಎಷ್ಟೋ ಸಲ ಅದಕ್ಕಿಂತ ಭಾರವಾಗಿರುತ್ತದೆ. ನನ್ನ ಕಾರ್ಡಿನ ತುಂಬ ಬರೀ ಮಾರಿಯೋನನ್ನೇ ತುಂಬಿದರೆ 7.8 ಲಕ್ಷ ಮಾರಿಯೋಗಳು ಹಿಡಿಸಬೇಕು. 9999 ಎಂದು ಬೀಗುತ್ತಿದ್ದ ಲೇಬಲ್ಲಿಗೆ ಕೊನೆಗೂ ಉತ್ತರ ಸಿಕ್ಕಿತ್ತು.

ಇಷ್ಟು ದೊಡ್ಡ ಕಾರ್ಡು, ಅಷ್ಟು ಚಿಕ್ಕ ಆಟ, ಇನ್ನೇನು ಕಷ್ಟ ಎಂದು ನೀವು ಕೇಳಬಹುದು. ತಮಾಷೆ ಇರುವುದೇ ಇಲ್ಲಿ. ಈ ಮುದಿ ಯಂತ್ರದ ವೇಗಕ್ಕೆ ಹೊಸ ಕಾರ್ಡು ಸಾಲದು! ಯಂತ್ರದ ಮಿದುಳು ಸೆಕೆಂಡಿಗೆ ಸುಮಾರು 18 ಲಕ್ಷ ಸಲ ಮಿಡಿಯುತ್ತದೆ. ಮಿಡಿತಕ್ಕೊಮ್ಮೆ ‘ಇಂಥ ಮನೆಯಲ್ಲಿ ಏನಿದೆ?’ ಎಂದು ಕೇಳಿದರೆ ಆ ಮಿಡಿತ ಮುಗಿಯುವುದರೊಳಗೆ ಉತ್ತರ ಬಂದಿರಬೇಕು. ಮದುವೆಮನೆಯ ಪಂಕ್ತಿಯಲ್ಲಿ ಕೂತ ಹಿರಿಯರು ಹೀಗೆಯೇ. ‘ಸಾರು’ ಎಂದರೆ ಸಾರು ಎಲೆಗೆ ಬಿದ್ದಿರಬೇಕು. ಎಸ್‌ಡಿ ಕಾರ್ಡಾದರೋ ಉಗ್ರಾಣ. ಕೇಳಿದರೆ ಮೂಟೆಗಟ್ಟಲೆ ಕೊಡುತ್ತದೆ, ಆದರೆ ಬೀಗದ ಕೈ ಹುಡುಕಿ ಬಾಗಿಲು ತೆಗೆಯುವಷ್ಟರಲ್ಲಿ ಹಿರಿಯರು ನೂರಾರು ಸಲ ‘ಸಾರು’ ಎಂದು ಕೂಗಿ, ಎದ್ದು ಕೈ ತೊಳೆದಿರುತ್ತಾರೆ. ಆದ್ದರಿಂದ ಕ್ಯಾಸೆಟ್ಟು ಮೊದಲೇ ಆಟವನ್ನಿಡೀ ಉಗ್ರಾಣದಿಂದ ಹೊರಗೆ ತಂದು, ತನ್ನೊಳಗಿನ ಚುರುಕಾದ ಸ್ಮೃತಿ ಚಿಪ್ಪಿನಲ್ಲಿ ಹರಡಿಕೊಂಡು, ಸೌಟು ಹಿಡಿದು ಪಂಕ್ತಿಯಲ್ಲಿ ನಿಂತಿರುತ್ತದೆ.

ಅಷ್ಟಕ್ಕೇ ಮುಗಿಯಲಿಲ್ಲ. ಈ ಯಂತ್ರ ಕ್ಯಾಸೆಟ್ಟಿನೊಳಗಿನ ಪ್ರೋಗ್ರಾಮನ್ನು ಒಮ್ಮೆಗೆ 32 ಕೆಬಿಯಷ್ಟೇ ನೋಡಬಲ್ಲದು. ಅದಕ್ಕಿಂತ ದೊಡ್ಡ ಆಟಗಳನ್ನು ಮಾಡಿದವರು ಕ್ಯಾಸೆಟ್ಟಿನೊಳಗೇ ಒಬ್ಬ ಮೇಸ್ತ್ರಿ ಚಿಪ್ಪನ್ನಿಟ್ಟು, ಬೇಕಾದಾಗ ಬೇಕಾದ ತುಂಡನ್ನು ಯಂತ್ರದ ಮುಂದೆ ಸರಿಸುವ ಏರ್ಪಾಟು ಮಾಡಿದರು. 1988ರ ಮಾರಿಯೋ ಮೂರನೇ ಭಾಗ 384 ಕೆಬಿ ಇದ್ದೂ ಓಡಿದ್ದು ಹೀಗೆ. ಇಂಥ ಮೇಸ್ತ್ರಿಗಳು ಹತ್ತಾರು ಬಗೆ, ಒಬ್ಬನ ಪದ್ಧತಿ ಇನ್ನೊಬ್ಬನಿಗಿಲ್ಲ. ಹೊಸ ಕ್ಯಾಸೆಟ್ಟಿನ ಎಫ್‌ಪಿಜಿಎ ಎಂಬ ಚಿಪ್ಪು ಆಟಕ್ಕೆ ತಕ್ಕ ಮೇಸ್ತ್ರಿಯ ವೇಷ ಹಾಕಿಕೊಳ್ಳುತ್ತದೆ. ಹಳೇ ಯಂತ್ರದ್ದು 5 ವೋಲ್ಟಿನ ಮಾತು, ಹೊಸ ಚಿಪ್ಪಿನದು 3.3ರ ಪಿಸುಮಾತು. ನಡುವೆ ದುಭಾಷಿ ಚಿಪ್ಪುಗಳೂ ಬೇಕು. ಅಮೆರಿಕದ ಎನ್‌ಇಎಸ್ ಆದರೆ ಒಳಗೊಬ್ಬ ಕಾವಲುಗಾರ ಚಿಪ್ಪೂ ಇದ್ದಾನೆ, ಅಸಲಿ ಕ್ಯಾಸೆಟ್ಟಿನ ಗುರುತು ಸಿಗದಿದ್ದರೆ ಯಂತ್ರವನ್ನು ಮತ್ತೆ ಮತ್ತೆ ಮೊದಲಿನಿಂದ ಶುರುಮಾಡಿಸುತ್ತಾನೆ. ನಮ್ಮ ತದ್ರೂಪಿಗೆ ಆ ಬಿಗುಮಾನವಿಲ್ಲ. ಸ್ವತಃ ಗುರುತಿನ ಚೀಟಿ ಇಲ್ಲದವನು ಇನ್ನೊಬ್ಬರದನ್ನು ಯಾವ ಮುಖವಿಟ್ಟುಕೊಂಡು ಕೇಳಿಯಾನು! ಅಷ್ಟಾಗಿ, ಇಂಥ ಕ್ಯಾಸೆಟ್ಟುಗಳು ಎಲ್ಲ ತದ್ರೂಪಿಗಳಲ್ಲೂ ನಡೆಯುವುದಿಲ್ಲ. ನಂಬಿಸಬೇಕಾದರೆ ನಂಬುವವನಾದರೂ ಸರಿಯಾಗಿರಬೇಕು. ನನ್ನ ಪೆಟ್ಟಿಗೆ ನಂಬಿತು.

ಈ ವಿದ್ಯೆ ನನ್ನೊಬ್ಬನದಲ್ಲ. ನಮ್ಮ ಆಫೀಸಿನ ಗೆಳೆಯನ ಮನೆಯಲ್ಲಿ ಪ್ಲೇಸ್ಟೇಷನ್ 2 ಇದೆ. 2000ದಲ್ಲಿ ಜಪಾನಿನಲ್ಲಿ ಹೊರಬಂದು, ಜಗತ್ತಿನಲ್ಲಿ 15.5 ಕೋಟಿಗೂ ಹೆಚ್ಚು ಮಾರಾಟವಾದ ಯಂತ್ರ. ಅದರ ಲೇಸರ್ ಕಣ್ಣು ಮಂಜಾಗಿ ಡಿವಿಡಿ ಓದುವುದನ್ನು ನಿಲ್ಲಿಸಿತು. ಗೆಳೆಯ 8 ಎಂಬಿಯ ಮೆಮರಿ ಕಾರ್ಡಿಗೆ ಒಂದು ಪುಟ್ಟ ಉಪಾಯದ ಪ್ರೋಗ್ರಾಮು ಹಾಕಿ, ಆಟಗಳನ್ನು ಪೆನ್‌ಡ್ರೈವಿಗೆ ಇಳಿಸಿ, ಡಿವಿಡಿಯೇ ತಿರುಗುತ್ತಿದೆ ಎಂದು ಯಂತ್ರಕ್ಕೆ ಮನವರಿಕೆ ಮಾಡಿಕೊಟ್ಟ. ಆದರೆ ಅದರ ಯುಎಸ್‌ಬಿ ಕಿಂಡಿ ಹಳೇ ಕಾಲದ್ದು, ಸೆಕೆಂಡಿಗೆ ಹೆಚ್ಚೆಂದರೆ 1.5 ಎಂಬಿ. ಡಿವಿಡಿಯಾದರೆ 5 ಎಂಬಿ ಕೊಡುತ್ತಿತ್ತು. ಹೀಗಾಗಿ ಪೆನ್‌ಡ್ರೈವು ಎಷ್ಟೇ ಹೊಸದಾಗಿದ್ದರೂ ಕಥೆಯ ದೃಶ್ಯ ಬಂದಾಗ ನಾಯಕ ಮಾತಿನ ಮಧ್ಯೆ ಬಾಯಿ ತೆರೆದು ನಿಂತುಬಿಡುತ್ತಾನೆ. ‘ಯೋಚನೆ ಮಾಡ್ತಿದಾನೆ ಕಣೋ’ ಎಂದು ಗೆಳೆಯ ಸಮರ್ಥಿಸಿಕೊಳ್ಳುತ್ತಿದ್ದ. ಕೊನೆಗೆ ಯಂತ್ರದ ಬೆನ್ನಿಗೆ ಹಾರ್ಡ್ ಡಿಸ್ಕು ಕಟ್ಟಿದ ಮೇಲೆ ನಾಯಕ ಮಾತು ಮುಗಿಸಿದ.

ಸೆಗಾ ಕಂಪನಿಯ ಡ್ರೀಮ್‌ಕಾಸ್ಟ್ ಇಟ್ಟುಕೊಂಡವರು ತಟ್ಟೆ ತಿರುಗಿಸುವ ಭಾಗವನ್ನೇ ಕಿತ್ತು, ಆ ಜಾಗದಲ್ಲಿ ಎಸ್‌ಡಿ ಕಾರ್ಡಿನ ಹಲಗೆ ಕೂರಿಸುತ್ತಾರೆ. ಆಮೇಲೆ ಮನೆಯೆಲ್ಲ ನಿಶ್ಶಬ್ದವಾಗಿ, ಆ ಗರಗರ ಸದ್ದಿಲ್ಲದೆ ಆಡಿದಂತೆಯೇ ಆಗುವುದಿಲ್ಲ ಎಂದು ಕೆಲವರು ಕೊರಗುತ್ತಾರೆ. ಅಮಿಗಾ ಕಂಪ್ಯೂಟರಿನವರು ಇನ್ನೂ ಒಂದು ಹೆಜ್ಜೆ ಮುಂದೆ. ಫ್ಲಾಪಿಯ ಬದಲು ಪೆನ್‌ಡ್ರೈವ್ ಓದುವ ಪೆಟ್ಟಿಗೆ ಹಾಕಿ, ಅದಕ್ಕೊಂದು ಪುಟ್ಟ ಸ್ಪೀಕರ್ ಜೋಡಿಸಿ, ಫ್ಲಾಪಿಯ ಕಟಕಟ ಸದ್ದನ್ನು ಬೇಕೆಂದೇ ಹೊರಡಿಸುತ್ತಾರೆ. ಅದು ಯಂತ್ರಕ್ಕೆ ಹೇಳಿದ ಸುಳ್ಳಲ್ಲ. ಯಂತ್ರಕ್ಕೆ ಕಿವಿಯಿಲ್ಲ.

ಎಲ್ಲ ಸುಳ್ಳೂ ದಕ್ಕುವುದಿಲ್ಲ. ನನ್ನ ಕಾರ್ಡಿನಲ್ಲಿ ಬಾತುಕೋಳಿ ಹೊಡೆಯುವ ‘ಡಕ್ ಹಂಟ್’ ಇದೆ, ಅಟ್ಟದಿಂದ ಇಳಿದ ಬಂದೂಕೂ ಇದೆ, ಬಾತುಕೋಳಿ ಮಾತ್ರ ಬೀಳುವುದಿಲ್ಲ. ಕುದುರೆ ಎಳೆದ ಕ್ಷಣ ಪರದೆ ಕಪ್ಪಾಗಿ, ಹಕ್ಕಿಯ ಜಾಗದಲ್ಲಿ ಒಂದು ಬಿಳೀ ಚೌಕ ಮಿಂಚುತ್ತದೆ. ಬಂದೂಕಿನ ಕಣ್ಣಿಗೆ ಆ ಬೆಳಕು ಬಿದ್ದರೆ ಗುರಿ ತಾಕಿದ ಲೆಕ್ಕ. ಹಳೇ ಟಿವಿಯಲ್ಲಿ ಚಿತ್ರ ಬಂದಂತೆಯೇ ಬೆಳಕೂ ಬರುತ್ತಿತ್ತು. ಹೊಸ ಚಪ್ಪಟೆ ಟಿವಿ ಬಂದ ಚಿತ್ರವನ್ನು ತಿದ್ದಿ ತೀಡಿ ತೋರಿಸುವಷ್ಟರಲ್ಲಿ ಬಂದೂಕು ಕಣ್ಣು ಮುಚ್ಚಿಕೊಂಡಿರುತ್ತದೆ. ಅಮ್ಮ ಕಾಪಾಡಲು ಹೆಣಗಿದ ಆ ಪಿಕ್ಚರ್ ಟ್ಯೂಬೇ ಇದಕ್ಕೆ ಬೇಕಿತ್ತು ಎಂದು ಅವಳಿಗೆ ವಿವರಿಸಿದೆ. ‘ನೋಡಿದ್ಯಾ, ಅದಕ್ಕೇ ಹೇಳ್ತಿದ್ದೆ’ ಎಂದಳು. ಯಾವುದಕ್ಕೆ ಹೇಳುತ್ತಿದ್ದಳೋ, ಗೆದ್ದವಳು ಅವಳೇ.

ಧರ್ಮಸೂಕ್ಷ್ಮವೂ ಒಂದಿದೆ. ಆಟಗಳಿಗೆ ಹಕ್ಕುದಾರರಿದ್ದಾರೆ. ಸಿಕ್ಕಸಿಕ್ಕಲ್ಲಿಂದ ಬಾಚಿ ಕಾರ್ಡು ತುಂಬುವುದು ಸಲ್ಲದು. ಅಸಲಿ ಕ್ಯಾಸೆಟ್ಟು ಕೊಂಡು ಅದರಿಂದ ಪ್ರತಿ ತೆಗೆದುಕೊಳ್ಳುವುದು, ಇಲ್ಲವೇ ಈ ಯಂತ್ರಕ್ಕೆಂದೇ ಇವತ್ತಿಗೂ ಹೊಸ ಆಟ ಬರೆಯುವ ಹವ್ಯಾಸಿಗಳಿಂದ ಪಡೆಯುವುದು ಮರ್ಯಾದಸ್ಥರ ದಾರಿ. ಅಟ್ಟದ 9999ರಿಂದ ಪ್ರತಿ ತೆಗೆಯೋಣವೆಂದರೆ ಅದೇ ಕದ್ದ ಮಾಲು. ಹಾಗಾಗಿ ಜಪಾನಿನಿಂದ ಹಳೇ ಅಸಲಿ ಕ್ಯಾಸೆಟ್ಟುಗಳನ್ನು ತರಿಸಿದೆ. ಕ್ಯಾಸೆಟ್ಟಿಗಿಂತ ಅಂಚೆ ವೆಚ್ಚ ಜಾಸ್ತಿಯಾಯಿತು, ಅದಕ್ಕಿಂತ ಎಸ್‌ಡಿ ಕ್ಯಾಸೆಟ್ಟು ಜಾಸ್ತಿಯಾಯಿತು. ಪಾರ್ಸೆಲ್ ಬಿಚ್ಚುವಾಗ ನನ್ನಾಕೆ ‘ಎಷ್ಟಾಯ್ತು?’ ಎಂದಳು. ಅರ್ಧ ಹೇಳಿದೆ. ಯಾವುದರ ಅರ್ಧ ಎಂದು ಅವಳು ಕೇಳಲಿಲ್ಲ.

ಈಗ ಪೆಟ್ಟಿಗೆಯ ಒಡತಿ ನನ್ನ ಮಗಳು. ಮೊನ್ನೆ ಅವಳು ಮಾರಿಯೋನನ್ನು ಹಳ್ಳದ ಅಂಚಿಗೆ ತಂದು ನಿಲ್ಲಿಸಿ, ಇರುವ ಸ್ಥಿತಿಯನ್ನು ಹಾಗೇ ಕಾರ್ಡಿಗೆ ಉಳಿಸಿಕೊಂಡಳು. ಕ್ಯಾಸೆಟ್ಟಿನಲ್ಲಿ ಆ ಸೌಲಭ್ಯವೂ ಇದೆ. ಜಿಗಿದಳು, ಬಿದ್ದಳು, ಉಳಿಸಿದ ಜಾಗಕ್ಕೆ ಹಿಂದಿರುಗಿದಳು. ಮತ್ತೆ ಬಿದ್ದಳು, ಮತ್ತೆ ಹಿಂದಿರುಗಿದಳು. ಮಾರಿಯೋನ ಜೀವ ಒಂದೂ ಕಳೆಯಲಿಲ್ಲ.

‘ಇದು ಮೋಸ ಪುಟ್ಟಿ’ ಎಂದೆ.

‘ಅಪ್ಪಾ, ಮೆಷಿನ್ನು ಡೂಪ್ಲಿಕೇಟು. ಕ್ಯಾಸೆಟ್ಟು ಸುಳ್ಳು. ನಾನೊಬ್ಬಳೇ ಯಾಕೆ ನಿಯತ್ತಾಗಿರಬೇಕು?’

ಮೂಲೆಯಲ್ಲಿ ಅವರೆಕಾಯಿ ಸುಲಿಯುತ್ತಿದ್ದ ಅಮ್ಮ ನಕ್ಕಳು. ನಾನು ಗಂಟಲು ಸರಿಮಾಡಿಕೊಂಡೆ. ನೋಡು ಮಗಳೇ, ಆ ಹಳ್ಳ ಅವತ್ತಿನಷ್ಟೇ ಅಗಲ ಇರಲಿ, ಗುಂಡಿ ಒತ್ತುವುದಕ್ಕೂ ಮಾರಿಯೋ ನೆಗೆಯುವುದಕ್ಕೂ ನಡುವೆ ಅವತ್ತಿದ್ದಷ್ಟೇ ಹೊತ್ತು ಇರಲಿ ಅಂತಲೇ ಈ ಕ್ಯಾಸೆಟ್ಟು ಇಷ್ಟೆಲ್ಲ ನಾಟಕ ಆಡುತ್ತಿದೆ. ಬೀಳುವುದೊಂದು ನಿಜವಾಗಿರಲಿ ಅಂತ ಉಳಿದದ್ದೆಲ್ಲ ಸುಳ್ಳು. ನೀನು ಬಿದ್ದೇ ಇಲ್ಲ ಎಂದುಬಿಟ್ಟರೆ ಅಷ್ಟೂ ಸುಳ್ಳು ದಂಡವಲ್ಲವೇ? ಆಡಿದ್ದನ್ನು ಅಳಿಸಿ ಹಿಂದಕ್ಕೆ ಹೋಗುವ ಅವಕಾಶ ಬದುಕಿನಲ್ಲಿ ಯಾರಿಗಿದೆ, ಹೀಗೆ ನನ್ನ ಮಾತು ತತ್ತ್ವಜ್ಞಾನದ ಎತ್ತರಕ್ಕೆ ಏರುತ್ತಿತ್ತು. ಮಗಳ ಮುಖದಲ್ಲೂ ಕೊಂಚ ಗೌರವ ಮೂಡುತ್ತಿತ್ತು.

ಅಷ್ಟರಲ್ಲಿ ನನ್ನಾಕೆ ಒಳಗಿನಿಂದ ಬಂದಳು. ಕೈಯಲ್ಲಿ ಮೊಬೈಲು, ಮೊಬೈಲಿನಲ್ಲಿ ಬ್ಯಾಂಕಿನ ಸ್ಟೇಟ್‌ಮೆಂಟು.

‘ಏನ್ರೀ, ಆ ಕ್ಯಾಸೆಟ್ಟು ಎಷ್ಟಾಯ್ತು ಅಂದ್ರಿ?’

ಮಗಳು ತನ್ನ ಕೈಯಲ್ಲಿದ್ದ ರಿಮೋಟನ್ನು ಮೆಲ್ಲಗೆ ನನ್ನ ಕಡೆ ಚಾಚಿದಳು. ಹಿಂದಿರುಗುವ ಗುಂಡಿ ಯಾವುದೆಂದು ಬೆರಳಿಟ್ಟು ತೋರಿಸಿದಳು.