ಒಗ್ಗರಣೆ ಹೊಗೆಯಲ್ಲಿ ಯುದ್ಧನೌಕೆ

ಹತ್ತಿ-ಪಾಲಿಯೆಸ್ಟರ್ ಬಟ್ಟೆಯ ಮೇಲೆ ಚಿತ್ರ ಮುದ್ರಿಸಿ, ಮರದ ಚೌಕಟ್ಟಿಗೆ ಬಿಗಿಯಾಗಿ ಎಳೆದು, ಹಿಂದೆ ಪಿನ್ನು ಹೊಡೆದರೆ ಕ್ಯಾನ್ವಾಸ್ ಪ್ರಿಂಟ್ ಆಯಿತು. ಅದಕ್ಕೆ ಗಾಜಿಲ್ಲ, ಹೇಳಿಕೊಳ್ಳುವಂಥ ತೂಕವೂ ಇಲ್ಲ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಕಡೆಯಿಂದ ಬ್ರಿಟನ್, ಅಮೆರಿಕಕ್ಕೆ ಹೋಗಿ ಮನೆ ಕೊಂಡ ಕುಟುಂಬಗಳಲ್ಲಿ ಸೋಫಾದ ಹಿಂದಿನ ಗೋಡೆಗೆ ಇಂಥದ್ದೊಂದು ಏರುವುದುಂಟು. ಅದರಲ್ಲಿ ಹಾಯಿ ಬಿಚ್ಚಿದ ಯುದ್ಧನೌಕೆ. ಈ ಐದು ತಾಲ್ಲೂಕುಗಳಿಗೂ ಪಡುವಣ ಕಡಲಿಗೂ ನಡುವೆ ಸಹ್ಯಾದ್ರಿ ಅಡ್ಡ ಮಲಗಿದೆ. ಇಲ್ಲಿಯವರ ನೌಕಾನುಭವ ತುಂಗಭದ್ರೆಯ ಹರಗೋಲಿಗೆ ಮುಗಿಯುತ್ತದೆ. ಹಡಗಲಿಯ ಹೂವು ವಿಜಯನಗರದ ಕಾಲಕ್ಕೆ ದೋಣಿಯಲ್ಲಿ ಹಂಪಿಗೆ ಹೋಗುತ್ತಿತ್ತೆಂಬ ಪ್ರತೀತಿ ಇದೆ, ನಿಜ. ಆದರೆ ಮಲ್ಲಿಗೆ ದೋಣಿಗೆ ಯಾರೂ ಫಿರಂಗಿ ಕೂರಿಸಿರಲಿಲ್ಲ.

ಹಡಗನ್ನೇ ಆರಿಸಲು ಕಾರಣ ಕಲಾಭಿರುಚಿಯಲ್ಲ, ಸಂಸಾರಶಾಂತಿ. ಕೊಟ್ಟೂರೇಶ್ವರನ ಪಟ ಹಾಲಿನಲ್ಲಿ ಬೇಡ, ಜಗಲಿ ಮೇಲಿರಲಿ ಎನ್ನುತ್ತಾರೆ. ಹಂಪಿಯ ಕಲ್ಲಿನ ತೇರು ಪರಿಚಯದ ಎಲ್ಲ ಕನ್ನಡಿಗರ ಮನೆಯಲ್ಲೂ ಆಗಲೇ ಇದೆ. ಮನುಷ್ಯರ ಫೋಟೊ ಹಾಕಿದರೆ ಯಾರ ಕಡೆಯವರದು ಎಷ್ಟು ಎಂಬ ಲೆಕ್ಕ ಶುರುವಾಗುತ್ತದೆ. ಹಡಗು ಯಾರ ತವರಿಗೂ ಸೇರಿದ್ದಲ್ಲ. ಹಳೆಯ ಚಿತ್ರಗಳ ಹಕ್ಕುಸ್ವಾಮ್ಯದ ಅವಧಿ ತೀರಿರುವುದರಿಂದ ಯಾರು ಬೇಕಾದರೂ ಮುದ್ರಿಸಿ ಮಾರಬಹುದು, ಹೀಗಾಗಿ ಅಗ್ಗ.

ತೂಗುಹಾಕುವುದು ಗಂಡನ ಕೆಲಸ. ಅಮೆರಿಕದ ಒಳಗೋಡೆ ಜಿಪ್ಸಮ್ ಹಲಗೆಯದು. ಅದರ ಹಿಂದೆ ಸಾಮಾನ್ಯವಾಗಿ 16 ಇಂಚಿಗೊಂದರಂತೆ ಮರದ ಕಂಬಗಳಿರುತ್ತವೆ. ಭಾರದ ವಸ್ತುವಾದರೆ ಮೊಳೆ ಕಂಬಕ್ಕೇ ಬೀಳಬೇಕು. ಕ್ಯಾನ್ವಾಸಿಗೆ ಅಷ್ಟೆಲ್ಲ ಬೇಕಿಲ್ಲ, ಸಣ್ಣ ಕೊಕ್ಕೆ ಸಾಕು. ಆದರೂ ಡ್ರಿಲ್ ಕೊಂಡಾಗಿರುತ್ತದೆ.

ಬ್ರಿಟನ್ನಿನ ಮನೆಗಳಿಗೆ ಸಲ್ಲುವ ಚಿತ್ರ ಟರ್ನರ್ 1839ರಲ್ಲಿ ಪ್ರದರ್ಶಿಸಿದ ‘ಫೈಟಿಂಗ್ ಟೆಮರೇರ್’. 1805ರ ಟ್ರಫಾಲ್ಗರ್ ಕದನದಲ್ಲಿ ಕಾದಿದ 98 ಫಿರಂಗಿಗಳ ಹಡಗನ್ನು 1838ರಲ್ಲಿ ಗುಜರಿಗೆ ಮಾರಿ, ಒಡೆಯಲು ಉಗಿದೋಣಿಗೆ ಕಟ್ಟಿ ಥೇಮ್ಸ್ ನದಿಯಲ್ಲಿ ಎಳೆದೊಯ್ದರು. ಚಿತ್ರದಲ್ಲಿರುವುದು ಆ ಕೊನೆಯ ಪಯಣ. ಆರು ತಿಂಗಳ ವೀಸಾದ ಮೇಲೆ ಕೊಟ್ಟೂರಿನಿಂದ ಬಂದ ತಾಯಿಗೆ ಈ ಇತಿಹಾಸವನ್ನು ಯಾರೂ ಹೇಳಬೇಕಾಗಿಲ್ಲ. “ಏನಪಾ ಇದು, ಹೊತ್ತು ಮುಣುಗಾಕತ್ತೈತಿ, ಹಳೇ ಹಡಗ ಎಳಕೊಂಡು ಹೊಂಟಾರ. ಮನ್ಯಾಗ ಇಂಥಾದ್ದು ಹಾಕ್ತಾರೇನು?” ಕಲಾವಿಮರ್ಶೆಯಾಗಿ ಇದರಲ್ಲಿ ಒಂದಕ್ಷರ ತಿದ್ದುವಂತಿಲ್ಲ, ಟರ್ನರ್ ಹೇಳಹೊರಟದ್ದೂ ಅಷ್ಟೇ. ವಾಸ್ತುವಿನ ಪ್ರಕಾರ ಮಾತ್ರ ಪಟ ಇಳಿಯಲೇಬೇಕು. ಆಗ ಮಗ ಜೇಬಿನಿಂದ 20 ಪೌಂಡಿನ ನೋಟು ತೆಗೆಯುತ್ತಾನೆ. 2020ರಲ್ಲಿ ಚಲಾವಣೆಗೆ ಬಂದ ಈ ನೋಟಿನಲ್ಲಿ ಟರ್ನರ್ ಇದ್ದಾನೆ, ಬೆನ್ನಿಗೆ ಇದೇ ಹಡಗು. ತಾಯಿ ನೋಟನ್ನೂ ಗೋಡೆಯನ್ನೂ ಎರಡು ಸಲ ನೋಡಿ, “ಲಕ್ಷ್ಮಿ ಜತಿ ಬಂದಾಳಂದ್ರ ಇರ್ಲಿ ಬಿಡು” ಎನ್ನುತ್ತಾರೆ. ಶುಕ್ರವಾರ ಚೌಕಟ್ಟಿನ ಮೂಲೆಗೆ ಕುಂಕುಮವೂ ಬೀಳುತ್ತದೆ.

ಅತಿಥಿಗಳೆದುರು ಹಡಗಿಗೊಂದು ಕನ್ನಡ ನಂಟು ಬೇಕು. ಬಾಲ್ಟಿಮೋರ್ ಕಡೆಯವರಿಗೆ ಅದು ಸುಲಭ. 1814ರಲ್ಲಿ ಬ್ರಿಟಿಷ್ ನೌಕೆಗಳು ಅಲ್ಲಿನ ಫೋರ್ಟ್ ಮೆಕ್‌ಹೆನ್ರಿಯ ಮೇಲೆ ಹಾರಿಸಿದ ಕಾಂಗ್ರೀವ್ ರಾಕೆಟ್ಟುಗಳು ಅಮೆರಿಕದ ರಾಷ್ಟ್ರಗೀತೆಯಲ್ಲಿ ಈಗಲೂ ಉರಿಯುತ್ತಿವೆ, ಅವುಗಳ ಮೂಲ ಮೈಸೂರಿನ ರಾಕೆಟ್ಟು. ಹರಪನಹಳ್ಳಿಯ ಪಾಳೆಯಗಾರರು ಹೈದರನಿಗೆ ಕಪ್ಪ ಕಟ್ಟುತ್ತಿದ್ದರಾದ್ದರಿಂದ ಆ ಮದ್ದಿನಲ್ಲಿ ತಮ್ಮೂರ ದುಡ್ಡೂ ಇತ್ತು ಎಂದು ಹರಪನಹಳ್ಳಿಯವರು ಸೇರಿಸಬಹುದು. ಇಂಗ್ಲೆಂಡಿನವರು ಹಾರ್ಟ್ಲ್‌ಪೂಲ್‌ನಲ್ಲಿ ಇಂದಿಗೂ ತೇಲುತ್ತಿರುವ ‘ಟ್ರಿಂಕೋಮಲಿ’ಯನ್ನು ಹಾಕಿಕೊಳ್ಳುತ್ತಾರೆ. 1817ರಲ್ಲಿ ಮುಂಬಯಿಯ ವಾಡಿಯಾಗಳು ಕಟ್ಟಿದ ಈ ಹಡಗಿನ ಮರ ಮಲಬಾರಿನ ತೇಗ. “ನಮ್ಮ ಕಡೀ ಕಟಿಗಿ” ಎಂದರೆ ನಡೆಯುತ್ತದೆ, ಅತಿಥಿಗಳಲ್ಲಿ ಮಲಯಾಳಿಗಳು ಇಲ್ಲದಿದ್ದರೆ.

ಕನ್ನಡಿಗರದೇ ನೌಕಾಯುದ್ಧದ ಚಿತ್ರ ಸಿಗುವುದು ಮಾತ್ರ ದುರ್ಲಭ. ಇಮ್ಮಡಿ ಪುಲಕೇಶಿ ನೂರಾರು ಹಡಗುಗಳೊಡನೆ ಪಡುವಣ ಕಡಲಿನ ಪುರಿಯನ್ನು ಮುತ್ತಿದ್ದನ್ನು ರವಿಕೀರ್ತಿ 634ರ ಐಹೊಳೆ ಶಾಸನದಲ್ಲಿ ಹೇಳಿದ್ದಾನೆ, ಬಿಡಿಸಿಟ್ಟಿಲ್ಲ. ಮುಂಬಯಿ ಬೋರಿವಲಿಯ ಎಕ್ಸಾರ್ ವೀರಗಲ್ಲುಗಳಲ್ಲಿ ಕಡಲ ಕಾಳಗವೇನೋ ಇದೆ. ಆದರೆ ಅವು ಶಿಲಾಹಾರರ ಕಾಲದವೆನ್ನುತ್ತಾರೆ. ಮೊಬೈಲಿನಲ್ಲಿ ತೆಗೆದು ಗೋಡೆಯಳತೆಗೆ ಹಿಗ್ಗಿಸಿದರೆ ಸಾಲು ಹುಟ್ಟುಗಳ ಹಡಗು ಜರಿಹುಳದಂತೆ ಕಾಣುತ್ತದೆ.

ಇನ್ನು ನಿರ್ವಹಣೆ. ಅಡುಗೆಮನೆಗೂ ಹಾಲಿಗೂ ನಡುವೆ ಗೋಡೆಯಿಲ್ಲದ ಮನೆಗಳಲ್ಲಿ ಒಗ್ಗರಣೆಯ ಎಣ್ಣೆ ಹಬೆ ನೇರ ಕ್ಯಾನ್ವಾಸಿಗೆ ಬಂದು ಕೂರುತ್ತದೆ. ಒದ್ದೆ ಬಟ್ಟೆಯಲ್ಲಿ ಉಜ್ಜಿದರೆ ಬಣ್ಣ ಏಳಬಹುದು, ಮೆತ್ತನೆಯ ಒಣ ಕುಂಚದಿಂದ ಧೂಳು ಕೊಡವಬೇಕು. ನೀಲಿ ಕಡಲಿನ ಚಿತ್ರಗಳು ಬರಬರುತ್ತ ಹಳದಿಯಾಗುತ್ತವೆ. ಟರ್ನರನ ಆಕಾಶ ಮೊದಲೇ ಅರಿಸಿನ ಬಣ್ಣದ್ದಾದ್ದರಿಂದ ಎಷ್ಟು ಮಂಡಾಳು ಒಗ್ಗರಣೆ ಮಾಡಿದರೂ ಗೊತ್ತಾಗುವುದಿಲ್ಲ. ಅನುಭವಸ್ಥರು ಅವನನ್ನೇ ಕೊಳ್ಳುವುದು ಇದಕ್ಕೆ.

ಮನೆ ಬದಲಿಸುವಾಗ ಬೇಡವಾದ ಕ್ಯಾನ್ವಾಸನ್ನು ಚೌಕಟ್ಟಿನಿಂದ ಬಿಚ್ಚಿ, ಚಿತ್ರ ಹೊರಮುಖವಾಗುವಂತೆ ಸುತ್ತಿ, ಊರಿಗೆ ಹೋಗುವವರ ಪೆಟ್ಟಿಗೆಯಲ್ಲಿ ಸೀರೆಗಳ ನಡುವೆ ಇಡುತ್ತಾರೆ. ಕೂಡ್ಲಿಗಿಯ ಕಟ್ಟು ಹಾಕುವವನು ಅದಕ್ಕೆ ಹೊಸ ಚೌಕಟ್ಟು ಹೊಡೆದು, ಗಾಜಿಲ್ಲದ್ದು ಎಂಥ ಫೋಟೊ ಎಂದುಕೊಂಡು, ಯಾರೂ ಕೇಳದಿದ್ದರೂ ಗಾಜನ್ನೂ ಕೂರಿಸಿ, ಅದರ ದುಡ್ಡನ್ನೂ ಹಿಡಿದುಕೊಳ್ಳುತ್ತಾನೆ.