ಭಾವನವರ ಮೀಟರ್‌ಗೇಜ್

ಈ ಜಾತಿಯವರನ್ನು ಗುರುತಿಸುವುದು ಸುಲಭ. ಊಟಕ್ಕೆ ಕರೆಯುತ್ತಾರೆ, ಎಲೆ ಹಾಕುವ ಮೊದಲು "ಐದೇ ನಿಮಿಷ, ಒಂದು ಕೆಲಸ ತೋರಿಸ್ತೀನಿ ಬಾ" ಅನ್ನುತ್ತಾರೆ, ಸಾರು ಆರಿದ ಮೇಲೆ ಬಿಡುತ್ತಾರೆ. ಬೆರಳಿಗೆ ಒಣಗಿದ ಗೋಂದು, ಕಿವಿಯ ಮೇಲೆ ಪೆನ್ಸಿಲು, ಅಂಗಿಯ ತುಂಬ ಥರ್ಮಾಕೋಲಿನ ಬಿಳಿ ಕಾಳು. ಪುಟಾಣಿ ರೈಲು ಕಟ್ಟುವವರು. ಅದನ್ನು ಆಟಿಕೆ ಅಂದಿರೋ, ಆ ಮನೆಯಲ್ಲಿ ನಿಮಗೆ ಕಾಫಿಯೂ ಹುಟ್ಟದು.

ನಮ್ಮ ಭಾವನವರ ತೋಟ ಬಾಳ್ಳುಪೇಟೆಯ ಕಡೆ. ಕಾಫಿ ಮೂಟೆ ಇರಬೇಕಾದ ಗೋದಾಮಿನಲ್ಲಿ ಎಡಕುಮೇರಿ ಸ್ಟೇಷನ್ ಇದೆ. ಯಾವಾಗ ಹೋದರೂ ಅಲ್ಲಿ 1985ನೆಯ ಇಸವಿ. ಆ ಸ್ಟೇಷನ್ನಿದ್ದ ಹಾಸನ–ಮಂಗಳೂರು ಮೀಟರ್‌ಗೇಜ್ ಹಳಿ 1979ರಲ್ಲಿ ತೆರೆಯಿತು, 1996ರಲ್ಲಿ ಬ್ರಾಡ್‌ಗೇಜ್ ಮಾಡಲೆಂದು ಮುಚ್ಚಿತು. ಅದರಾಚೆ ಲೋಕದಲ್ಲಿ ಏನಾದರೂ ಭಾವನವರಿಗೆ ಸಂಬಂಧವಿಲ್ಲ. ಒಮ್ಮೆ ಬೆಂಗಳೂರಿನಿಂದ ಪುಟ್ಟ ಎಂಜಿನ್ ಒಂದನ್ನು ಉಡುಗೊರೆ ಒಯ್ದಿದ್ದೆ. ತಿರುಗಿಸಿ ನೋಡಿ, "ಇದು ಬ್ರಾಡ್‌ಗೇಜಿಂದಲ್ವೇನೋ ಮಾರಾಯ" ಎಂದು ಸತ್ತ ಇಲಿಯನ್ನು ಬಾಲ ಹಿಡಿದು ಎತ್ತಿದ ಹಾಗೆ ಎತ್ತಿ ವಾಪಸು ಕೊಟ್ಟರು. ಅವರಿಗೆ ಬೇಕಾದದ್ದು ಮೀಟರ್‌ಗೇಜಿನ ಡೀಸೆಲ್ ಎಂಜಿನ್ ವೈಡಿಎಂ-4. ಅದನ್ನು ಪ್ಲಾಸ್ಟಿಕ್ ಶೀಟಿನಲ್ಲಿ ತಾವೇ ಕತ್ತರಿಸಿ ಅಂಟಿಸಿಕೊಂಡಿದ್ದಾರೆ.

ಲೆಕ್ಕವೆಲ್ಲ 87ಕ್ಕೆ 1. ಮೀಟರಗಲದ ಹಳಿ 12 ಮಿಲಿಮೀಟರಿಗೆ ಇಳಿಯುತ್ತದೆ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡಿನವರೆಗಿನ 55 ಕಿಲೋಮೀಟರ್ ಘಾಟಿಯನ್ನು ಪೂರ್ತಿ ಕಟ್ಟಲು 632 ಮೀಟರ್ ಜಾಗ ಬೇಕು. ಗೋದಾಮು ಇರುವುದು 18 ಅಡಿ. ಹಾಗಾಗಿ 57 ಸುರಂಗಗಳಲ್ಲಿ ಮೂರು, 109 ಸೇತುವೆಗಳಲ್ಲಿ ಒಂದು. ಉಳಿದವನ್ನು ಕೈಬಿಟ್ಟದ್ದಕ್ಕೆ ಬಂದವರ ಹತ್ತಿರವೆಲ್ಲ ಕ್ಷಮೆ ಕೇಳುತ್ತಾರೆ. ಏರಿನ ವಿಷಯದಲ್ಲಿ ಮಾತ್ರ ರಾಜಿ ಇಲ್ಲ: ಘಾಟಿಯಲ್ಲಿದ್ದಂತೆ 50ಕ್ಕೆ 1. ಬಂಡೆ ಪ್ಲಾಸ್ಟರಿನದು, ಕಾಡು ಸಿಲ್ವರ್ ಮರದ ಪಾಚಿ ಮತ್ತು ಒಣ ಕಾಫಿ ಕಡ್ಡಿಯದು. 2018ರ ಆಗಸ್ಟಿನಲ್ಲಿ ನಿಜವಾದ ಘಾಟಿ ಕುಸಿದು ರೈಲು ನಿಂತಾಗ, "ನನ್ನ ಲೈನು ಓಪನ್ನೇ ಇದೆ" ಎಂದು ಫೋನ್ ಮಾಡಿದ್ದರು.

ಇಷ್ಟನ್ನು ಸಹಿಸಬಹುದು. ಆದರೆ ಆ ರೈಲಿಗೆ ಬೇಕಾದ ಕರೆಂಟು 12 ವೋಲ್ಟ್. ಮಳೆಗಾಲದಲ್ಲಿ ತೋಟಕ್ಕೆ ಕರೆಂಟು ನೆಂಟರಂತೆ ಬಂದು ಹೋಗುತ್ತದೆ. ಜೀಪಿನ ಬ್ಯಾಟರಿಯೂ 12 ವೋಲ್ಟ್. ಈ ಮೂರನ್ನೂ ಕೂಡಿಸಿ ನೋಡದ್ದು ನನ್ನ ಪೆದ್ದುತನ. ಜುಲೈನ ಒಂದು ಬೆಳಿಗ್ಗೆ ಸಕಲೇಶಪುರದಲ್ಲಿ ಬೆಂಗಳೂರು ರೈಲು ಹಿಡಿಯಬೇಕಿತ್ತು. ಭಾವ ಕೀ ತಿರುಗಿಸಿದರು. ಜೀಪು ಕೆಮ್ಮಲೂ ಇಲ್ಲ.

"ರಾತ್ರಿ ಒಂದು ಗೂಡ್ಸ್ ಬಿಟ್ಟಿದ್ದೆ. ಸ್ವಲ್ಪ ಲೇಟಾಯ್ತು."

ತಳ್ಳಿದೆ. ಇಸ್ತ್ರಿ ಪ್ಯಾಂಟು, ಮೊಣಕಾಲುದ್ದ ಕೆಸರು, ಕಾಲಿಗೆ ಎರಡು ಜಿಗಣೆ. ಸ್ಟೇರಿಂಗ್ ಹಿಡಿದು ಕೂತವರು ಕತ್ತು ಹೊರಹಾಕಿ, "ಏರು ಗೊತ್ತಾಗ್ತಾ ಇದೆಯಾ? ಹೆಚ್ಚುಕಮ್ಮಿ 50ಕ್ಕೆ 1" ಅಂದರು. ನಾವು ಸ್ಟೇಷನ್ ಸೇರುವಷ್ಟರಲ್ಲಿ ರೈಲಿನ ಬೆನ್ನು ಕಾಣುತ್ತಿತ್ತು. ಭಾವ ಅದನ್ನೊಮ್ಮೆ ನೋಡಿ, "ಬ್ರಾಡ್‌ಗೇಜು. ಹೋದ್ರೆ ಹೋಗ್ಲಿ ಬಿಡು" ಅಂದರು.

ಆ ದಿನ ಮಾತು ಬಿಟ್ಟು ಕೂತಿದ್ದೆ. ಸಂಜೆ ದಾರಿ ಕಾಣದೆ ಗೋದಾಮಿಗೇ ಹೋದೆ. 1985 ಯಾಕೆ ಭಾವ, ಎಂದೆ. ಮದುವೆಯಾದ ವರ್ಷವಂತೆ. ಅಕ್ಕನನ್ನು ಸುಬ್ರಹ್ಮಣ್ಯಕ್ಕೆ ಕರೆದೊಯ್ಯುವಾಗ ಎಡಕುಮೇರಿಯಲ್ಲಿ ಕ್ರಾಸಿಂಗಿಗೆ ಗಾಡಿ ನಿಂತು, ಇಬ್ಬರೂ ಮಳೆಯಲ್ಲಿ ಇಳಿದು, ಸ್ಟೇಷನ್ನಿನ ಬಾಗಿಲಿಗೆ ಒರಗಿ ಮುಕ್ಕಾಲು ಗಂಟೆ ನಿಂತಿದ್ದರಂತೆ. ಆ ದಾರಿಯಲ್ಲಿ ಮತ್ತೆ ಪ್ಯಾಸೆಂಜರ್ ರೈಲು ಬಂದದ್ದು 2007ರ ಡಿಸೆಂಬರಿನಲ್ಲಿ. ಅಷ್ಟರಲ್ಲಿ ಮಕ್ಕಳಿಬ್ಬರೂ ತೋಟ ಬಿಟ್ಟು ಬೆಂಗಳೂರು ಸೇರಿದ್ದರು.

"ಹಸಿರು ಬಾಗಿಲು" ಎಂದರು ಭಾವ.

"ನೀಲಿ ಕಣ್ರೀ. ಒರಗಿದ್ದು ನಾನು" ಎಂದಳು ಕಾಫಿ ತಂದ ಅಕ್ಕ.

ಆರು ತಿಂಗಳಿಂದ ಆ ಬಾಗಿಲು ಬಣ್ಣವಿಲ್ಲದೆ ನಿಂತಿದೆ, ಅದು ಮುಗಿಯದೆ ಮುಂದಿನ ಕೆಲಸವಿಲ್ಲ. 1996ಕ್ಕೆ ಮೊದಲು ಎಡಕುಮೇರಿಯಲ್ಲಿ ತೆಗೆದ ಫೋಟೋ ಯಾರ ಮನೆಯ ಆಲ್ಬಮ್ಮಿನಲ್ಲಾದರೂ ಇದ್ದರೆ ದಯವಿಟ್ಟು ತಿಳಿಸಿ. ಕಲರ್ ಫೋಟೋ ಆಗಿರಬೇಕು.