ಟೀವಿಯ ಹಿಂದಿನ ಭಾವ

ನಮ್ಮ ಭಾವ ಯಾರ ಮನೆಗೆ ಹೋದರೂ ಮೊದಲು ಕುಶಲ ವಿಚಾರಿಸುವುದು ಟೀವಿಯ ಬೆನ್ನನ್ನು. ಚಪ್ಪಲಿ ಬಿಟ್ಟು ಒಳಗೆ ಬಂದವರು ಸೋಫಾದ ಕಡೆ ತಿರುಗಿಯೂ ನೋಡುವುದಿಲ್ಲ. ಟೀವಿಗೂ ಗೋಡೆಗೂ ನಡುವಿನ ಸಂದಿಗೆ ತಲೆ ತೂರಿಸಿ, ಮೊಬೈಲಿನ ಟಾರ್ಚ್ ಬಿಟ್ಟು, “ಯುಎಸ್‌ಬಿ ಎರಡಿದೆ. ಒಂದು ನೀಲಿ. ಪರವಾಗಿಲ್ಲ” ಎನ್ನುತ್ತಾರೆ. ದನದ ಜಾತ್ರೆಯಲ್ಲಿ ಹೋರಿಯ ಹಲ್ಲು ಹಿಡಿದು ನೋಡುವವರ ಮುಖದಲ್ಲಷ್ಟೇ ಆ ಗಾಂಭೀರ್ಯ ಕಂಡಿದ್ದೇನೆ. ಕಾಫಿ ಅಲ್ಲಿಗೇ ಹೋಗುತ್ತದೆ. ಲೋಟ ಹಿಂದಿರುಗಿದಾಗ ಅದರ ಅಂಚಿಗೆ ಜೇಡರಬಲೆ ಅಂಟಿರುತ್ತದೆ.

ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೂವತ್ತನಾಲ್ಕು ವರ್ಷ ತಂತಿಗಳ ಜೊತೆ ಬಾಳಿ ನಿವೃತ್ತರಾದವರು ಭಾವ. ಈಗ ಒಂಟಿಕೊಪ್ಪಲಿನಿಂದ ಕುವೆಂಪುನಗರದವರೆಗೆ ಹಬ್ಬಿರುವ ನಮ್ಮ ಬಳಗದ ಹದಿನೇಳು ಟೀವಿಗಳೇ ಅವರ ಎಕ್ಸ್‌ಚೇಂಜು. ಕೈಯಲ್ಲಿ ಸದಾ ಒಡವೆ ಅಂಗಡಿಯವರು ಕೊಟ್ಟ ಕೆಂಪು ಬಟ್ಟೆ ಚೀಲ. ಅದರೊಳಗೆ ಟೆಸ್ಟರು, ಇನ್ಸುಲೇಷನ್ ಟೇಪು, ಎರಡು ತಲೆಯ ಒಂದು ಯುಎಸ್‌ಬಿ ವೈರು, ಮತ್ತೆ ಮೊಮ್ಮಗನ ಉಣ್ಣೆಯ ಕುಲಾವಿಯಲ್ಲಿ ಬೆಚ್ಚಗೆ ಮಲಗಿದ ಹಾರ್ಡ್‌ಡಿಸ್ಕು. ಎರಡು ತಲೆ ಯಾಕೆ ಎಂದು ಕೇಳಿಬಿಟ್ಟಿರೋ, ಮುಗಿಯಿತು. “ಹಳೇ ಪೋರ್ಟು ಕೊಡೋದು 500 ಮಿಲಿ ಆಂಪಿಯರ್. ಡಿಸ್ಕು ತಿರುಗೋಕೆ ಶುರು ಮಾಡುವಾಗ ಅದು ಸಾಲದು, ಟಿಕ್ ಟಿಕ್ ಅಂತ ಅಳುತ್ತೆ. ಹಸಿದ ಕರು ಕಣಯ್ಯಾ. ಒಂದು ಮೊಲೆ ಸಾಲದಿದ್ರೆ ಎರಡಕ್ಕೂ ಬಾಯಿ ಹಚ್ಚಬೇಕು.”

ಆದರೆ ವೈರಿನ ಮಾತು ಬರೀ ಉಪ್ಪಿನಕಾಯಿ. ಊಟ ಶುರುವಾಗುವುದು ಫಾರ್ಮ್ಯಾಟಿನಿಂದ.

“ಡಿಸ್ಕು ಅಂದ್ರೆ ಬಯಲು. ಫಾರ್ಮ್ಯಾಟ್ ಅಂದ್ರೆ ಆ ಬಯಲನ್ನ ಬಡಾವಣೆ ಮಾಡಿ, ಸೈಟ್ ನಂಬರ್ ಹಾಕಿ, ಖಾತೆ ಪುಸ್ತಕ ತೆರೆಯೋದು. ಪುಸ್ತಕ ಬರೆಯೋಕೆ ಒಬ್ಬೊಬ್ಬರದು ಒಂದೊಂದು ಲಿಪಿ. ಫ್ಯಾಟ್ 32 ಅಂತ 1996ರದು ಒಂದಿದೆ, ಕಂಡಕಂಡ ಪೆಟ್ಟಿಗೆಯೆಲ್ಲ ಓದುತ್ತೆ. ಎನ್‌ಟಿಎಫ್‌ಎಸ್ಸು 1993ರದು, ವಿಂಡೋಸ್ ಮನೆತನದ್ದು. ಕೆಲವು ಟೀವಿ ಓದ್ತವೆ, ಕೆಲವು ಮುಖ ತಿರುಗಿಸ್ತವೆ. ಎಕ್ಸ್‌ಫ್ಯಾಟು 2006ರ ಕೂಸು, ಹೊಸ ಟೀವಿಗಳಿಗೆ ಸರಿ. ಮ್ಯಾಕಿನವರದು ಇದೆಯಲ್ಲ, ಅದು ಶಾನುಭೋಗರ ಮೋಡಿ ಅಕ್ಷರ. ಟೀವಿ ಮುಂದೆ ಅದನ್ನ ಇಟ್ಟರೆ ಕುರುಡನ ಮುಂದೆ ಕನ್ನಡಿ ಹಿಡಿದಂಗೆ.”

ಇಷ್ಟನ್ನೂ ಕಣ್ಣು ಮುಚ್ಚಿ ಕೇಳಿದ ನಮ್ಮತ್ತೆ ಒಮ್ಮೆ ಮೆಲ್ಲಗೆ ಕೇಳಿದ್ದರು: “ಆ ಬಡಾವಣೇಲಿ ಇನ್ನೂ ಸೈಟು ಸಿಗುತ್ತೇನಪ್ಪಾ?”

ಭಾವ ನಗಲಿಲ್ಲ. “1 ಟಿಬಿ ತಗೊಂಡ್ರೆ 931 ಜಿಬಿ ಸಿಗುತ್ತೆ ಅತ್ತೆ,” ಎಂದರು. ಉಳಿದದ್ದು ಎಲ್ಲಿ ಹೋಯಿತು ಎಂಬುದಕ್ಕೂ ಉತ್ತರ ಸಿದ್ಧವಿತ್ತು: ಕಂಪನಿಯವರದು ಸಾವಿರದ ಲೆಕ್ಕ, ಕಂಪ್ಯೂಟರಿನದು 1024ರ ಲೆಕ್ಕ; ಮೋಸವಲ್ಲ, ಅಳೆಯುವ ಸೇರು ಬೇರೆ. ಅತ್ತೆಗೆ ಇದು ಚೆನ್ನಾಗಿ ಅರ್ಥವಾಯಿತು. ಅವರ ಕಾಲದ ಹಾಲಿನವನೂ ಹಾಗೇ ಅನ್ನುತ್ತಿದ್ದನಂತೆ.

ಹೋದ ದೀಪಾವಳಿಗೆ ಅಕ್ಕ ಭಾವ ನಮ್ಮ ಮನೆಗೆ ಬಂದರು. ಅಕ್ಕ ಒಂದು ಆಸೆ ಹೊತ್ತು ಬಂದಿದ್ದಳು. 1988ರ ಅವಳ ಮದುವೆಯ ಕ್ಯಾಸೆಟ್ಟನ್ನು ಮಗ ಸ್ಟುಡಿಯೋದಲ್ಲಿ ಕೊಟ್ಟು ಫೈಲು ಮಾಡಿಸಿ, ತೊಟ್ಟಿಲು ಶಾಸ್ತ್ರ, ಗೃಹಪ್ರವೇಶ ಎಲ್ಲವನ್ನೂ ಸೇರಿಸಿ ಒಂದು ಡಿಸ್ಕಿಗೆ ತುಂಬಿಕೊಟ್ಟಿದ್ದ. ಅದನ್ನು ತಮ್ಮನ ಮನೆಯಲ್ಲಿ ಎಲ್ಲರೂ ಕೂತು ನೋಡಬೇಕು. ಎಲೆ ಎತ್ತಿದ್ದೇ ತಡ ಭಾವ ಡಿಸ್ಕು ಸಿಕ್ಕಿಸಿದರು. ಹತ್ತು ವರ್ಷದ ನಮ್ಮ ಟೀವಿ ಸ್ವಲ್ಪ ಯೋಚಿಸಿ, ಈ ಸಾಧನ ನನಗೆ ಆಗಿಬರುವುದಿಲ್ಲ ಎಂದಿತು. ಮಗ ಆಫೀಸಿನ ಮ್ಯಾಕಿನಲ್ಲಿ ತುಂಬಿದ್ದ. ಮೋಡಿ ಅಕ್ಷರ.

“ಎರಡು ನಿಮಿಷದ ಕೆಲಸ ಕಣಯ್ಯಾ,” ಎಂದು ಭಾವ ನನ್ನ ಲ್ಯಾಪ್‌ಟಾಪ್ ತರಿಸಿದರು. ಡಿಸ್ಕು ಸಿಕ್ಕಿಸಿದ ಕೂಡಲೇ ವಿಂಡೋಸು, ಇದನ್ನು ಬಳಸಬೇಕಾದರೆ ಮೊದಲು ಫಾರ್ಮ್ಯಾಟ್ ಮಾಡಬೇಕು, ಮಾಡಲೇ ಎಂದು ವಿನಯದಿಂದ ಕೇಳಿತು. ಅಷ್ಟು ವಿನಯದಿಂದ ಯಾರು ಏನು ಕೇಳಿದರೂ ಇಲ್ಲ ಎನ್ನುವ ಸ್ವಭಾವ ಭಾವನದಲ್ಲ. ಇರುವುದೆಲ್ಲ ಅಳಿಸಿಹೋಗುತ್ತದೆ ಎಂಬ ಎರಡನೆಯ ಎಚ್ಚರಿಕೆಗೂ, ದಾರಿಯಲ್ಲಿ ಎದುರಾದವರಿಗೆ ನಮಸ್ಕಾರ ಹೇಳುವಂತೆ, ಒಂದು ಸರಿ ಒತ್ತಿದರು.

“ಕಾಪಿ ಇದೆಯಲ್ಲಾ ಭಾವ?” ಎಂದೆ.

“ನಮ್ಮನೆ ಕಂಪ್ಯೂಟರಲ್ಲಿ...” ಎಂದು ಶುರುಮಾಡಿದವರು ಅಲ್ಲಿಗೇ ನಿಂತರು. ಅದನ್ನು ಹಿಂದಿನ ವಾರವಷ್ಟೇ ಫಾರ್ಮ್ಯಾಟ್ ಮಾಡಿದ್ದರು. ಕ್ಯಾಸೆಟ್ಟು ಬೂಷ್ಟು ಹಿಡಿದಿದ್ದರಿಂದ ಸ್ಟುಡಿಯೋದವರೇ ಅದನ್ನು ಎಸೆದಿದ್ದರು.

ಹಜಾರದಲ್ಲಿ ಒಂದು ಮೌನ. ಹೊರಗೆ ಯಾರೋ ಹಚ್ಚಿದ ಲಕ್ಷ್ಮೀ ಪಟಾಕಿಯೊಂದು ಸರಿಯಾದ ಸಮಯಕ್ಕೆ ಢಮ್ ಎಂದಿತು. ಅಕ್ಕ ಕೂಗಾಡಲಿಲ್ಲ. ಸೆರಗು ಸರಿಮಾಡಿಕೊಂಡು ಎದ್ದಳು.

“ಹಾಗಾದ್ರೆ ನನ್ನ ಮದುವೆಯೇ ಆಗಿಲ್ಲ ಅಂತಾಯ್ತು. ಪರಗಂಡಸರಿಗೆ ನಾನ್ಯಾಕ್ರೀ ನಾಳೆಯಿಂದ ಸಾರು ಮಾಡ್ಲಿ?”

ಭಾವನ ದೊಡ್ಡತನ ಕಂಡದ್ದು ಆಗಲೇ. ತಪ್ಪಾಯಿತು ಎನ್ನಲಿಲ್ಲ, ಅವರ ವೃತ್ತಿಯಲ್ಲಿ ತಪ್ಪು ಎಂಬುದಿಲ್ಲ, ‘ಫಾಲ್ಟ್’ ಮಾತ್ರ ಇದೆ, ಅದನ್ನು ಹುಡುಕಬೇಕು. “ನೋಡು, ನಾನು ಮಾಡಿದ್ದು ಕ್ವಿಕ್ ಫಾರ್ಮ್ಯಾಟು. ಶಾನುಭೋಗರ ಖಾತೆ ಪುಸ್ತಕ ಸುಟ್ಟಿದೆ ಅಷ್ಟೇ. ಮನೆಗಳು ನಿಂತಲ್ಲೇ ನಿಂತಿವೆ. ಯಾರ ಮನೆ ಯಾವುದು ಅಂತ ಗೊತ್ತಿಲ್ಲ, ನಿಜ. ಅದರ ಮೇಲೆ ಹೊಸ ಮನೆ ಕಟ್ಟದಿದ್ರೆ ಎಲ್ಲಾ ಸಿಗುತ್ತೆ. ಆ ಡಿಸ್ಕಿಗೆ ಇನ್ನೊಂದಕ್ಷರ ತುಂಬಬೇಡಿ!”

ಕಳೆದ ಫೈಲುಗಳನ್ನು ಹುಡುಕುವ ತಂತ್ರಾಂಶವೊಂದನ್ನು ಹಾಕಿ, ಒಂದೂವರೆ ದಿನ ಲ್ಯಾಪ್‌ಟಾಪಿನ ಮುಂದೆ ಹೆರಿಗೆ ಕೋಣೆಯ ಹೊರಗೆ ಕೂತವರಂತೆ ಕೂತರು. ಸ್ನಾನಕ್ಕೂ ಏಳಲಿಲ್ಲ. ಬಲಿಪಾಡ್ಯಮಿಯ ಸಂಜೆ ಒಂದೊಂದಾಗಿ ಫೈಲುಗಳು ಎದ್ದು ಬಂದವು. ಮನೆಗಳು ಸಿಕ್ಕವು, ಹೆಸರಿನ ಫಲಕ ಸಿಗಲಿಲ್ಲ; ಎಲ್ಲಕ್ಕೂ ಬರೀ ನಂಬರು. ಮೊದಲನೆಯದನ್ನು ತೆರೆದರೆ ಮಗನ ತೊಟ್ಟಿಲು, ಎರಡನೆಯದರಲ್ಲಿ ಹಾಲುಕ್ಕಿಸುವುದು, ಮದುವೆ ಮೂರನೆಯದು. “ಮಗು ಮೊದಲು, ತಾಳಿ ಆಮೇಲೆ. ಬಹಳ ಚೆನ್ನಾಗಿದೆ,” ಎಂದಳು ಅಕ್ಕ. ಆದರೂ ಆ ರಾತ್ರಿ ಸಾರು ಮಾಡಿದಳು.

ಇನ್ನೊಂದು ಗಂಡಾಂತರ ಉಳಿದಿತ್ತು. ನಮ್ಮ ಟೀವಿಗೆ ಓದಲು ಬರುವುದು ಫ್ಯಾಟ್ 32 ಒಂದೇ. ಡಿಸ್ಕು 32 ಜಿಬಿಗಿಂತ ದೊಡ್ಡದಾದರೆ ವಿಂಡೋಸಿನ ಫಾರ್ಮ್ಯಾಟ್ ಕಿಟಕಿಯಲ್ಲಿ ಆ ಹೆಸರೇ ಕಾಣುವುದಿಲ್ಲ. ಅದಕ್ಕೆ ಬೇರೆ ಸಲಕರಣೆ ಭಾವನ ಬಳಿ ಇತ್ತು. ಆದರೆ ಫ್ಯಾಟ್ 32ರಲ್ಲಿ ಒಂದು ಫೈಲು 4 ಜಿಬಿ ಮೀರುವಂತಿಲ್ಲ, ಮದುವೆ ಇದ್ದದ್ದು 6 ಜಿಬಿ. “ಮದುವೆ ಜಾಸ್ತಿಯಾಯ್ತು,” ಎಂದು ನಿಟ್ಟುಸಿರುಬಿಟ್ಟು ಭಾವ ಅದನ್ನು ಎರಡು ತುಂಡು ಮಾಡಿದರು. ಎಲ್ಲಿ ಕತ್ತರಿಸುತ್ತಿದ್ದೇನೆ ಎಂದು ನೋಡಲಿಲ್ಲ. ಅಳತೆ ನೋಡಿದರು, ಚಿತ್ರ ನೋಡಲಿಲ್ಲ.

ಕೊನೆಗೂ ಎಲ್ಲರೂ ಕೂತೆವು. ಟೀವಿಯಲ್ಲಿ ನಾದಸ್ವರ. ತೀರಿಹೋದ ದೊಡ್ಡಪ್ಪ ಶಾಲು ಹೊದ್ದು ಓಡಾಡಿದರು, ನಮ್ಮಮ್ಮ ಕಣ್ಣೊರೆಸಿಕೊಂಡಳು, ಅಡಿಕೆ ಗಿಡದಂತಿದ್ದ ನಾನು ಹೋಳಿಗೆ ಕದಿಯುವುದು ಸ್ಪಷ್ಟವಾಗಿ ದಾಖಲಾಗಿತ್ತು. ಅಂತರಪಟ ಸರಿಯಿತು. ಪುರೋಹಿತರು ಕೈಯೆತ್ತಿ “ಗಟ್ಟಿಮೇಳ!” ಎಂದರು. ಅಷ್ಟೇ. 4 ಜಿಬಿ ಮುಗಿದು ಪರದೆ ಕಪ್ಪಾಯಿತು.

“ವೈರು ಲೂಸಾಗಿದೆ!” ಎಂದು ಭಾವ ನೆಗೆದು ಟೀವಿಯ ಹಿಂದೆ ಹೋದರು.

ನಾನೇ ರಿಮೋಟ್ ಒತ್ತಿ ಎರಡನೇ ತುಂಡು ಹಾಕಿದೆ. ಗಟ್ಟಿಮೇಳ ಮೊಳಗಿತು. ಅಕ್ಷತೆ ಬಿತ್ತು. ಹಸೆಯ ಮೇಲೆ ಇಪ್ಪತ್ತೆರಡರ ಅಕ್ಕ ತಲೆ ತಗ್ಗಿಸಿ ಕೂತಿದ್ದಾಳೆ. ಪಕ್ಕದಲ್ಲಿ ಪೇಟ, ಬಾಸಿಂಗ ಕಟ್ಟಿದ ಭಾವ ತಾಳಿಯ ದಾರ ಹಿಡಿದಿದ್ದಾರೆ. ಕಣ್ಣು ಮಾತ್ರ ಅಕ್ಕನ ಕಡೆ ಇಲ್ಲ. ಕ್ಯಾಮೆರಾದ ಪಕ್ಕಕ್ಕೆ ನೋಡುತ್ತ, ಗಟ್ಟಿಮೇಳಕ್ಕಿಂತ ಗಟ್ಟಿಯಾಗಿ, ಲೈಟು ಹಿಡಿದ ಹುಡುಗನಿಗೆ ಹೇಳುತ್ತಿದ್ದಾರೆ: “ಲೋ, ನಿನ್ನ ವೈರು ಲೂಸಾಗಿದೆ ನೋಡೋ!”

ಟೀವಿಯ ಹಿಂದಿನಿಂದ ಭಾವನ ದನಿ ಬಂತು. “ಬಂತಾ?”

“ಬಂತು,” ಎಂದಳು ಅಕ್ಕ. “ನೀವೊಬ್ಬರು ಇನ್ನೂ ಬಂದಿಲ್ಲ.”